ಪಕ್ಕದ ಮೇಜಿಗೆ ದಾರಿ ಇಲ್ಲ

ಪ್ರಿಂಟರ್ ಇರುವುದು ನನ್ನ ಮೇಜಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ. ಆದರೂ ನಾನು ಕಳಿಸಿದ ಹಾಳೆ ಮೊದಲು ಕೆಳಮಹಡಿಯ ಸರ್ವರ್ ರೂಮಿಗೆ ಹೋಗಿ, ಅಲ್ಲಿ ಹಾಜರಿ ಹಾಕಿ, ಮತ್ತೆ ಮೇಲೆ ಬಂದು ಅಚ್ಚಾಗುತ್ತದೆ. ಇಷ್ಟು ಸುತ್ತು ಯಾಕಪ್ಪಾ ಎಂದರೆ ಐಟಿ ಹುಡುಗ, "ಯಾರು ಎಷ್ಟು ಪೇಜ್ ತೆಗೆದ್ರು ಅಂತ ಲೆಕ್ಕ ಬೇಡ್ವಾ ಸಾರ್?" ಅನ್ನುತ್ತಾನೆ.

*

ನಮ್ಮ ಕಂಪ್ಯೂಟರುಗಳಿಗೆಲ್ಲ 192.168 ಎಂದು ಶುರುವಾಗುವ ವಿಳಾಸ. ಮನೆಯ ವೈಫೈ ನೋಡಿದರೆ ಅಲ್ಲೂ ಅದೇ. ಯಾರು ಬೇಕಾದರೂ ತಮ್ಮ ಒಳಮನೆಗೆ ಬಳಸಿಕೊಳ್ಳಲಿ ಎಂದೇ ತೆಗೆದಿಟ್ಟ ನಂಬರುಗಳಂತೆ. ಈಗಿನ ನಿಯಮ 1996ರದ್ದು. ಹೊಸ್ತಿಲು ದಾಟಿದರೆ ಇವಕ್ಕೆ ಕವಡೆ ಕಿಮ್ಮತ್ತಿಲ್ಲ. ಹೊರಜಗತ್ತಿಗೆ ನಮ್ಮ ಇಡೀ ಕಚೇರಿ ಒಂದೇ ವಿಳಾಸ.

ಹಾಗಿದ್ದ ಮೇಲೆ ನಾನು ಹುಡುಕಿದ ರೈಲಿನ ವೇಳೆ ನನ್ನ ಪರದೆಗೇ ಬರುವುದು ಹೇಗೆ? ಕ್ಯಾಷಿಯರ್ ಪರದೆಗೆ ಯಾಕೆ ಹೋಗುವುದಿಲ್ಲ? ಬಾಗಿಲಲ್ಲಿ ಕೂತ ರೂಟರ್, ಹೊರಗೆ ಹೋಗುವ ಪ್ರತಿ ಸಂಪರ್ಕಕ್ಕೂ ಒಂದು ಪೋರ್ಟ್ ನಂಬರ್ ಕೊಟ್ಟು, ಯಾವುದು ಯಾರದು ಎಂದು ಪಟ್ಟಿ ಇಟ್ಟುಕೊಂಡಿರುತ್ತದೆ. ದೇವಸ್ಥಾನದ ಚಪ್ಪಲಿ ಸ್ಟ್ಯಾಂಡಿನ ಟೋಕನ್ ಲೆಕ್ಕವೇ ಸರಿ. ಟೋಕನ್ ಇಲ್ಲದೆ ಬಂದವರಿಗೆ ಏನೂ ಸಿಗುವುದಿಲ್ಲ.

*

ಐಟಿ ಹುಡುಗ ಒಮ್ಮೆ ಫೈರ್‌ವಾಲ್‌ನ ನಿಯಮಗಳ ಪಟ್ಟಿ ತೋರಿಸಿದ. ಮೇಲಿನಿಂದ ಕೆಳಕ್ಕೆ ಓದುತ್ತಾ ಹೋಗಿ, ಮೊದಲು ಹೊಂದಿದ ಸಾಲಿಗೆ ನಿಂತುಬಿಡುತ್ತದೆ. ಕಟ್ಟಕಡೆಯ ಸಾಲು: ಉಳಿದದ್ದೆಲ್ಲ ಬೇಡ. ಇಷ್ಟು ಬಿಗಿ ಇದ್ದರೂ ವೈರಸ್ ಬರುವುದು ಹೇಗೆ ಅಂದೆ. "ನಾವೇ ಕರೀತೀವಲ್ಲ ಸಾರ್." ಒಳಗಿನವರು ಒಂದು ಲಿಂಕ್ ಒತ್ತಿದರೆ, ಅದಕ್ಕೆ ಬರುವ ಉತ್ತರ ಕರೆದು ಬಂದ ನೆಂಟ.

*

ಅಕೌಂಟ್ಸ್ ವಿಭಾಗ ನನ್ನ ಪಕ್ಕದ ಸಾಲು. ಅವರ ಕೇಬಲ್ಲೂ ನನ್ನದೂ ಹೋಗಿ ಸೇರುವುದು ಒಂದೇ ಸ್ವಿಚ್‌ಗೆ; ಅಕ್ಕಪಕ್ಕದ ಎರಡು ತೂತು, ಎರಡರ ಮೇಲೂ ಮಿಣಮಿಣ ಹಸಿರು ದೀಪ. ಆದರೆ ನನ್ನ ಯಂತ್ರಕ್ಕೆ ಅವರ ಯಂತ್ರ ಕಾಣಿಸುವುದೇ ಇಲ್ಲ. ಒಂದೇ ಡಬ್ಬಿಯೊಳಗೆ ಬೇರೆ ಬೇರೆ ವಿಎಲ್ಎಎನ್, ಅಂದರೆ ಒಂದಕ್ಕೊಂದು ಕಾಣದ ಒಳಜಾಲಗಳನ್ನು, ಮಾಡಿದ್ದಾರಂತೆ. ಜೋಡಿಸಲಿಕ್ಕೆಂದೇ ತಂದ ಪೆಟ್ಟಿಗೆಯಲ್ಲಿ ಬೇರೆ ಮಾಡುವ ಕೆಲಸ!

ಕಾರಣ ಕೇಳಿದರೆ ಹುಡುಗ 2017ರ ಮೇ ತಿಂಗಳಿಗೆ ಹೋದ. ಆಗ ಬಂದದ್ದು ವಾನಾಕ್ರೈ ಎಂಬ ಕುತಂತ್ರಾಂಶ. ಹೊಸ ಯಂತ್ರಕ್ಕೆ ದಾಟಲು ಯಾರೂ ಏನನ್ನೂ ಒತ್ತಬೇಕಿರಲಿಲ್ಲ. ವಿಂಡೋಸ್‌ನ ಫೈಲ್ ಹಂಚಿಕೆಯ ದೋಷವೊಂದರಿಂದ, ಜಾಲದಲ್ಲಿ ಒಂದಕ್ಕೊಂದು ಕಾಣುವ ಯಂತ್ರದಿಂದ ಯಂತ್ರಕ್ಕೆ ತಾನೇ ಹಬ್ಬಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಅಪಾಯಿಂಟ್‌ಮೆಂಟುಗಳು ರದ್ದಾದವು. ಆ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ತೇಪೆ ಕೊಟ್ಟಿತ್ತು. ಬಹಳ ಕಡೆ ಹಾಕಿಕೊಂಡಿರಲಿಲ್ಲ, ಅಷ್ಟೆ.

*

ಪಾಸ್‌ವರ್ಡ್ ಮೂರು ತಿಂಗಳಿಗೊಮ್ಮೆ ಬದಲಿಸಬೇಕೆಂದು ಸುತ್ತೋಲೆ. ಎಲ್ಲರೂ ಹಳೆಯದರ ಬಾಲದ ಅಂಕಿ ಒಂದು ಏರಿಸುತ್ತಾರೆ. ಸೋರಿದ ಸುಳಿವಿಲ್ಲದೆ ಸುಮ್ಮನೆ ಬದಲಿಸಲು ಒತ್ತಾಯಿಸಬೇಡಿ ಎಂದು ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2017ರಲ್ಲೇ ಹೇಳಿದೆ. ಸುತ್ತೋಲೆಗೆ ಇದು ಇನ್ನೂ ತಲುಪಿಲ್ಲ.

*

ನನಗೆ ಇವತ್ತಿಗೂ ಬಗೆಹರಿಯದ್ದು 2024ರ ಜುಲೈ 19. ಕಾಯಲಿಕ್ಕೆಂದೇ ಹಾಕಿದ ಕ್ರೌಡ್‌ಸ್ಟ್ರೈಕ್ ತಂತ್ರಾಂಶದ ಒಂದು ತಪ್ಪು ಅಪ್‌ಡೇಟ್, ಮೈಕ್ರೋಸಾಫ್ಟ್ ಅಂದಾಜಿನಲ್ಲಿ 85 ಲಕ್ಷ ವಿಂಡೋಸ್ ಯಂತ್ರಗಳನ್ನು ನೀಲಿ ಪರದೆಗೆ ತಂದು ನಿಲ್ಲಿಸಿತು. ನಮ್ಮ ದೇಶದಲ್ಲಿ ಕೆಲವು ಪ್ರಯಾಣಿಕರು ಪೆನ್ನಿನಲ್ಲಿ ಬರೆದ ಬೋರ್ಡಿಂಗ್ ಪಾಸ್ ಹಿಡಿದು ವಿಮಾನ ಹತ್ತಿದರು. ತಪ್ಪು ಜಾಲದಲ್ಲಿ ಬಂದು ಎಲ್ಲರಿಗೂ ಹಂಚಿಕೆಯಾಯಿತು. ಆದರೆ ಯಂತ್ರವೇ ಏಳದಿದ್ದಾಗ ಪರಿಹಾರ ಜಾಲದಲ್ಲಿ ಬರುವುದೆಲ್ಲಿಂದ? ಬಹಳ ಕಡೆ ಐಟಿಯವರು ಒಂದೊಂದು ಯಂತ್ರದ ಮುಂದೆ ಕೂತು ಅಪ್‌ಡೇಟಿನಲ್ಲಿ ಬಂದ ಆ ಒಂದು ತಪ್ಪು ಫೈಲನ್ನು ಅಳಿಸಬೇಕಾಯಿತು.

*

ಮರೆತ ಪಾಸ್‌ವರ್ಡನ್ನು ಹೇಳಪ್ಪಾ ಎಂದು ಇದೇ ಐಟಿ ಹುಡುಗನನ್ನು ಒಮ್ಮೆ ಕೇಳಿದ್ದೆ. ಅವನಿಗೂ ಕಾಣಿಸುವುದಿಲ್ಲವಂತೆ, ಸರ್ವರ್ ಅದನ್ನು ಮತ್ತೆ ಬಿಡಿಸಲಾಗದಂತೆ ಕಲಸಿ ಇಟ್ಟಿರುತ್ತದೆ. ಅವನು ಹೊಸದೊಂದು ಕೊಡಬಲ್ಲ, ಹಳೆಯದನ್ನು ಓದಲಾರ. ಅವನ ಕೆಲಸಕ್ಕೆ ಅದು ಬೇಕಾಗುವುದೂ ಇಲ್ಲ. ಆದ್ದರಿಂದ "ಐಟಿಯಿಂದ ಮಾತಾಡ್ತಿದ್ದೀವಿ, ಪಾಸ್‌ವರ್ಡ್ ಹೇಳಿ" ಎಂದು ಫೋನ್ ಬಂದರೆ ದಯವಿಟ್ಟು ಇಟ್ಟುಬಿಡಿ; ಆಮೇಲೆ ಎದ್ದು ಹೋಗಿ ಐಟಿಯವರಿಗೆ ಬಾಯಲ್ಲೇ ತಿಳಿಸಿ.