ಮೂಗನ್ನೇ ಕೇಳೋಣ

ತಲೆಯನ್ನು ಸ್ವಲ್ಪ ಹಿಂದಕ್ಕೆ ಒರಗಿಸಿ. ಪುಟ್ಟ ದೀಪದ ಬೆಳಕು ನಿಮ್ಮ ಮೂಗಿನ ಹೊಳ್ಳೆಯೊಳಗೆ ಬೀಳುತ್ತಿದೆ. ಊರು ಇಂಗ್ಲೆಂಡಿನ ಲಿವರ್‌ಪೂಲ್. 1898ರಲ್ಲಿ ಶುರುವಾದ ಲಿವರ್‌ಪೂಲ್ ಸ್ಕೂಲ್ ಆಫ್ ಟ್ರಾಪಿಕಲ್ ಮೆಡಿಸಿನ್‌ನ ಅಧ್ಯಯನಕ್ಕೆ ನೀವೊಬ್ಬ ಸ್ವಯಂಸೇವಕರು. ನಿಮಗೆ ಯಾವ ಕಾಯಿಲೆಯೂ ಇಲ್ಲ. ಆರೋಗ್ಯವಾಗಿದ್ದೀರಿ ಎಂದೇ ನಿಮ್ಮನ್ನು ಆರಿಸಿದ್ದಾರೆ.

ಕೆಲವು ದಿನಗಳ ಹಿಂದೆ ಇದೇ ಮೂಗಿಗೆ, ನ್ಯುಮೋನಿಯಾ ತರಬಲ್ಲ ನ್ಯೂಮೋಕಾಕಸ್ ಎಂಬ ಜೀವಂತ ಬ್ಯಾಕ್ಟೀರಿಯಾದ ಹನಿ ಬಿಟ್ಟಿದ್ದರು. 6ಬಿ ಎಂಬ ಬಗೆ, ಒಂದೊಂದು ಹೊಳ್ಳೆಗೆ ಸುಮಾರು 80,000. ಜ್ವರ ನೋಡಿಕೊಳ್ಳಲು ಥರ್ಮಾಮೀಟರ್, ಬೇಕಾದರೆ ನುಂಗಲು ಅಮಾಕ್ಸಿಸಿಲಿನ್ ಕೊಟ್ಟು ಮನೆಗೆ ಕಳಿಸಿದ್ದರು. ಹೀಗೆ ಹನಿ ಹಾಕಿಸಿಕೊಂಡವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರ ಮೂಗಿನಲ್ಲಿ ಅದು ಸದ್ದಿಲ್ಲದೆ ನೆಲೆಯೂರುತ್ತದೆ. ಉಳಿದವರಲ್ಲಿ ನಿಲ್ಲುವುದೇ ಇಲ್ಲ. ಏಕೆ? ಇವತ್ತಿನ ಕೆಲಸ ಆ ಪ್ರಶ್ನೆಗಾಗಿ.

ನರ್ಸ್ ಕೈಯಲ್ಲಿ ತೆಳುವಾದ ಪ್ಲಾಸ್ಟಿಕ್ ಕ್ಯುರೆಟ್ ಇದೆ. ಗುಗ್ಗೆ ತೆಗೆಯುವ ಕಡ್ಡಿಗಿರುವಂತೆ ಅದರ ತುದಿಗೊಂದು ಪುಟಾಣಿ ಬಟ್ಟಲು. ಅರಿವಳಿಕೆಯಿಲ್ಲ, ಸೂಜಿಯಿಲ್ಲ, ಹೊಲಿಗೆಯಿಲ್ಲ. ಮೂಗಿನ ಪಕ್ಕದ ಗೋಡೆಯಿಂದ ಒಳಕ್ಕೆ ಉಬ್ಬಿನಿಂತ ಕೆಳ ಟರ್ಬಿನೇಟ್ ಮೇಲೆ ಅದನ್ನಿಟ್ಟು ಮೆಲ್ಲಗೆ ಕೆರೆದು ಎಳೆಯುತ್ತಾರೆ. ಕಣ್ಣಲ್ಲಿ ತಟ್ಟನೆ ನೀರು. ಸೀನು ಬರುವ ಹಾಗಾಗುತ್ತದೆ, ಅಷ್ಟರಲ್ಲಿ ಮುಗಿದಿರುತ್ತದೆ.

ತೋಳಿನಿಂದ ರಕ್ತ ತೆಗೆದರೆ ಸಾಕಿತ್ತಲ್ಲವೇ? ಸಾಲದು. ಲೋಳೆಪೊರೆಯಲ್ಲಿ ಬೀಡುಬಿಟ್ಟ ಟಿ ಕೋಶಗಳೆಂಬ ಎಷ್ಟೋ ರಕ್ಷಣಾ ಕೋಶಗಳು ರಕ್ತಕ್ಕೆ ಹಿಂದಿರುಗುವುದೇ ಇಲ್ಲ. ಹಳೆಯ ಸೋಂಕುಗಳ ನೆನಪು ಹೊತ್ತು ಅಲ್ಲೇ ಉಳಿದುಬಿಡುತ್ತವೆ. ಅವನ್ನು ಕಾಣಬೇಕಾದರೆ ಅವುಗಳ ಮನೆಗೇ ಹೋಗಬೇಕು. ಬಯಾಪ್ಸಿ ಮಾಡಬಹುದು, ನಿಜ. ಆದರೆ ಆರೋಗ್ಯವಂತರ ಮೂಗನ್ನು ವಾರವಾರವೂ ಕತ್ತರಿಸುವುದು ಸಾಧ್ಯವೂ ಅಲ್ಲ, ಸರಿಯೂ ಅಲ್ಲ. ಕ್ಯುರೆಟ್ ಆದರೆ ಬ್ಯಾಕ್ಟೀರಿಯಾ ಹಾಕುವ ಮೊದಲೂ ಬರಬಹುದು, ಆಮೇಲೆ ಮತ್ತೆ ಮತ್ತೆಯೂ ಬರಬಹುದು. ಬಯಾಪ್ಸಿ ಒಂದು ಕ್ಷಣವನ್ನಷ್ಟೇ ತೋರಿಸುತ್ತದೆ. ಇದು ಹೋರಾಟ ಶುರುವಾಗಿ, ಏರಿ, ಇಳಿಯುವುದನ್ನೇ ತೋರಿಸುತ್ತದೆ.

ಕ್ಯುರೆಟ್ ಮಂಜುಗಡ್ಡೆಯಷ್ಟು ತಣ್ಣಗಿನ ದ್ರಾವಣಕ್ಕೆ ಇಳಿಯಿತು. ಆ ಟ್ಯೂಬಿನ ಹಿಂದೆಯೇ ನಡೆಯಿರಿ. ಇಲ್ಲಿ ತಡಮಾಡುವಂತಿಲ್ಲ, ಮೂಗಿನಲ್ಲಿ ಹೇರಳವಾಗಿರುವ ನ್ಯೂಟ್ರೋಫಿಲ್ ಎಂಬ ರಕ್ಷಣಾ ಕೋಶಗಳು ಹೊರಗೆ ಬಂದಮೇಲೆ ಹೆಚ್ಚು ಹೊತ್ತು ಬದುಕುವುದಿಲ್ಲ. ಪಿಪೆಟ್‌ನಿಂದ ಮತ್ತೆ ಮತ್ತೆ ದ್ರಾವಣ ಹಾಯಿಸಿ ಕೋಶಗಳನ್ನು ಬಿಡಿಸುತ್ತಾರೆ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸುತ್ತಾರೆ, ಹೊಳೆಯುವ ಬಣ್ಣ ಅಂಟಿಸಿದ ಪ್ರತಿಕಾಯಗಳನ್ನು ಬೆರೆಸುತ್ತಾರೆ. ಬಳಿಕ ಫ್ಲೋ ಸೈಟೋಮೀಟರ್. ಕೋಶಗಳು ಒಂದರ ಹಿಂದೊಂದು ಲೇಸರ್ ಮುಂದೆ ಹಾಯುತ್ತವೆ, ಪರದೆಯಲ್ಲಿ ಚುಕ್ಕಿಗಳು ಮೂಡುತ್ತವೆ. ಮೈಮೇಲೆ ಸಿಡಿ45 ಎಂಬ ಗುರುತು ಇದ್ದರೆ ಅದು ರಕ್ಷಣೆಯ ಕೋಶ. ಅದರಲ್ಲೇ ಸಿಡಿ66ಬಿ ನ್ಯೂಟ್ರೋಫಿಲ್ಲಿನದು, ಸಿಡಿ3 ಟಿ ಕೋಶದ್ದು, ಸಿಡಿ14 ಮಾನೊಸೈಟಿನದು. ಒಂದು ಕೆರೆತದಲ್ಲಿ ಇಷ್ಟೊಂದು ಬಗೆ!

ಇಂಥ ಚುಕ್ಕಿಗಳಿಂದಲೇ ಇದೇ ಸಂಸ್ಥೆಯ ಸಂಶೋಧಕ ಸೈಮನ್ ಯೋಖೆಮ್ಸ್ ಮತ್ತು ಸಂಗಡಿಗರು 2018ರಲ್ಲಿ ಒಂದು ದೊಡ್ಡ ವಿಷಯ ಬಿಡಿಸಿ ಹೇಳಿದರು. ನ್ಯೂಮೋಕಾಕಸ್ ನೆಲೆಯೂರಿದ ಮೂಗಿಗೆ ಮಾನೊಸೈಟ್‌ಗಳು ಧಾವಿಸಿ ಬರುತ್ತವೆ. ಅವು ಬಂದಲ್ಲಿ ಬ್ಯಾಕ್ಟೀರಿಯಾ ತೊಲಗುತ್ತದೆ. ಮೊದಲೇ ಮೂಗಿಗೆ ದುರ್ಬಲಗೊಳಿಸಿದ ಜೀವಂತ ಫ್ಲೂ ವೈರಸ್ಸಿನ ಲಸಿಕೆ ಸಿಂಪಡಿಸಿಕೊಂಡಿದ್ದವರಲ್ಲಿ ಆ ಧಾವಂತ ಕುಂದಿತ್ತು, ನ್ಯೂಟ್ರೋಫಿಲ್‌ಗಳ ಕೊಲ್ಲುವ ಶಕ್ತಿಯೂ ತಗ್ಗಿತ್ತು. 1918ರ ಫ್ಲೂ ಮಹಾಮಾರಿಯಲ್ಲಿ ಸತ್ತವರಲ್ಲಿ ಬಹುಪಾಲು ಜನರನ್ನು ಕೊನೆಗೆ ಕೊಂದದ್ದು ಬ್ಯಾಕ್ಟೀರಿಯಾದ ನ್ಯುಮೋನಿಯಾ. ಹೀಗೆ ಬ್ಯಾಕ್ಟೀರಿಯಾಕ್ಕೆ ವೈರಸ್ ಬಾಗಿಲು ತೆರೆದುಕೊಡುವ ಬಗೆ ಇಲ್ಲಿ ಬದುಕಿರುವವರ ಮೂಗಿನಲ್ಲೇ, ಯಾರಿಗೂ ಗಾಯ ಮಾಡದೆ ಕಂಡಿತು.

ನ್ಯುಮೋನಿಯಾ ಹೆಚ್ಚು ಕಾಡುವ ಆಫ್ರಿಕಾಕ್ಕೂ, ಮಲಾವಿಯ ಬ್ಲಾಂಟೈರ್‌ಗೂ ಈ ವಿಧಾನಗಳು ಹೋಗಿವೆ. ಹೋಗಲೇಬೇಕಿತ್ತು. ರೋಗದ ಹೊರೆ ಹೊತ್ತವರ ಲೋಳೆಪೊರೆಯನ್ನೇ ಕೇಳದೆ ಅವರಿಗೆ ಲಸಿಕೆ ರೂಪಿಸುವುದು ನ್ಯಾಯವಲ್ಲ. ಮಕ್ಕಳ ಮೂಗಿನಿಂದ ಅಜ್ಜ ಅಜ್ಜಿಯರಿಗೆ ನ್ಯೂಮೋಕಾಕಸ್ ದಾಟುವುದು ಈ ಪೊರೆಯಿಂದಲೇ. ಲಸಿಕೆ ಅದನ್ನು ಇಲ್ಲಿ ತಡೆಯಿತೇ ಎಂದು ರಕ್ತವೊಂದೇ ಹೇಳಲಾರದು.

ಮುಂದಿನ ಭೇಟಿಯ ದಿನಾಂಕ ಗುರುತು ಹಾಕಿಕೊಳ್ಳಿ. ಇವತ್ತಿನ ಕೋಶಗಳಿಗೆ ಬೆಲೆ ಬರುವುದು ಅಂದಿನವುಗಳ ಪಕ್ಕದಲ್ಲಿಟ್ಟು ನೋಡಿದಾಗ, ಮತ್ತು ನೀವು ತಿರುಗಿ ಬರಲು ಒಪ್ಪಿದ್ದು ಇವತ್ತು ನೋವಾಗಲಿಲ್ಲ ಎಂಬ ಕಾರಣಕ್ಕೆ.