ಹರಳೆಣ್ಣೆಯ ಭಾನುವಾರಗಳು

ಚಿಕ್ಕಪ್ಪ ಕಟ್ಟಿದ ವಿಮಾನಗಳಲ್ಲಿ ಈಗ ಒಂದೂ ಉಳಿದಿಲ್ಲ. ಪೆಟ್ಟಿಗೆ ಮಾತ್ರ ಉಳಿದಿದೆ. ಪ್ಲೈವುಡ್ಡಿನ ಪೆಟ್ಟಿಗೆ, ಅದಕ್ಕೆ ಹಿಡಿಯಾಗಿ ಚಿಕ್ಕಮ್ಮನ ಹಳೆಯ ಲಟ್ಟಣಿಗೆ. ಮನೆಯಲ್ಲಿ ಏನೇ ಕಾಣೆಯಾದರೂ ಚಿಕ್ಕಮ್ಮ ಮೊದಲು ತಡಕುತ್ತಿದ್ದುದು ಅದನ್ನೇ. ಹಲ್ಲುಜ್ಜುವ ಬ್ರಷ್ಷು, ಇಂಜೆಕ್ಷನ್ ಸಿರಿಂಜು, ಬಟ್ಟೆಗೆ ಹಾಕುವ ಕ್ಲಿಪ್ಪು, ಎಲ್ಲವೂ ಒಂದಲ್ಲ ಒಂದು ದಿನ ಅಲ್ಲಿ ಸಿಗುತ್ತಿದ್ದವು.

ಚಿಕ್ಕಪ್ಪನಿಗೆ ಎಚ್‌ಎಎಲ್‌ನಲ್ಲಿ ಕೆಲಸ. 1951ರಲ್ಲಿ ಮೊದಲ ಸಲ ಹಾರಿದ ಎಚ್‌ಟಿ-2 ತರಬೇತಿ ವಿಮಾನದ ಬಗ್ಗೆ, ತಾನೇ ಅದರ ಬೆನ್ನ ಮೇಲೆ ಕೂತಿದ್ದವನ ಹಾಗೆ ಮಾತಾಡುತ್ತಿದ್ದ. ವಾರವಿಡೀ ದೊಡ್ಡ ವಿಮಾನಗಳ ಸಹವಾಸ ಸಾಲದೆ ಭಾನುವಾರಕ್ಕೆ ಬಾಲ್ಸಾ ಮರದ ಪುಟ್ಟ ವಿಮಾನ. ಅದು ಹಾರುತ್ತಿದ್ದುದು ಹೆಚ್ಚೆಂದರೆ ಹತ್ತು ನಿಮಿಷ. ಪೆಟ್ಟಿಗೆ ಜೋಡಿಸಲು ಮಾತ್ರ ಇಡೀ ಶನಿವಾರ ರಾತ್ರಿ.

ಜೋಡಿಸುವುದೆಂದರೆ ಒಂದು ಪೂಜೆ. ನಾಲ್ಕು ಪಾಲು ಮೆಥನಾಲಿಗೆ ಒಂದು ಪಾಲು ಹರಳೆಣ್ಣೆ ಬೆರೆಸಿದ ಡಬ್ಬಿ ಮೊದಲು. ಮೆಥನಾಲು ಗಾಳಿಯ ತೇವ ಹೀರುತ್ತದೆಂದು ಅದರ ಮುಚ್ಚಳವನ್ನು ಎರಡೆರಡು ಸಲ ತಿರುಗಿಸಿ ನೋಡುತ್ತಿದ್ದ. ಆಮೇಲೆ ಗ್ಲೋ ಪ್ಲಗ್ಗನ್ನು ಕೆಂಪಗೆ ಕಾಯಿಸಲು 1.5 ವೋಲ್ಟಿನ ದಪ್ಪ ಸೆಲ್ಲು, ಸ್ಟಾರ್ಟರಿಗೆ 12 ವೋಲ್ಟಿನ ಬ್ಯಾಟರಿ, ರೆಕ್ಕೆ ಬಿಗಿಯಲು ರಬ್ಬರ್ ಬ್ಯಾಂಡು, ಬಿದ್ದ ಮೇಲೆ ಅಂಟಿಸಲು ಅಂಟು. ಪ್ರತಿ ವಸ್ತುವಿನ ಹಿಂದೆ ಒಂದು ಅನಾಹುತವಿರುತ್ತಿತ್ತು. ಪ್ರೊಪೆಲ್ಲರು ತೋರುಬೆರಳು ಸೀಳಿದ ವಾರ ಪೆಟ್ಟಿಗೆಗೆ ಬ್ಯಾಂಡೇಜು ಬಂತು. ಪ್ರೊಪೆಲ್ಲರನ್ನು ಬೆರಳಿನ ಬದಲು ಕೋಲಿನಿಂದ ತಿರುಗಿಸಬಹುದೆಂದು ಹೊಳೆದದ್ದು ಮುಂದಿನ ವಾರ. ಚಿಕ್ಕಮ್ಮನ ಬಟ್ಟೆ ಕ್ಲಿಪ್ಪೂ ಪೆಟ್ಟಿಗೆಯಲ್ಲೇ, ಅದರ ಮೇಲೆ ಕೆಂಪು ಬಣ್ಣದಲ್ಲಿ ತರಂಗಾಂತರದ ಅಂಕಿ. ಒಂದೇ ತರಂಗಾಂತರದಲ್ಲಿ ಇಬ್ಬರು ಟ್ರಾನ್ಸ್‌ಮಿಟರ್ ಹಚ್ಚಿದರೆ ವಿಮಾನ ಯಾರ ಮಾತನ್ನೂ ಕೇಳುವುದಿಲ್ಲ. ಕ್ಲಿಪ್ಪು ಯಾರ ಆಂಟೆನಾದ ಮೇಲಿದೆಯೋ ಆಕಾಶ ಆಗ ಅವರದು.

“ಮಕ್ಕಳ ಹೊಟ್ಟೆ ತೊಳೆಯೋಕೆ ಒಂದು ಚಮಚ ಹರಳೆಣ್ಣೆ ಇಲ್ಲ, ವಿಮಾನಕ್ಕೆ ಮಾತ್ರ ಬಾಟಲಿಗಟ್ಟಲೆ” ಎಂದು ಚಿಕ್ಕಮ್ಮ ಅಡುಗೆಮನೆಯಿಂದಲೇ ಗೋಡೆಗೆ ಹೇಳುತ್ತಿದ್ದಳು.

ಬೆಳಿಗ್ಗೆ ಆರಕ್ಕೆಲ್ಲ ಸ್ಕೂಟರು. ಪೆಟ್ಟಿಗೆ ಚಿಕ್ಕಪ್ಪನ ಕಾಲುಗಳ ನಡುವೆ, ವಿಮಾನದ ಒಡಲು ನನ್ನ ತೊಡೆಯ ಮೇಲೆ, ರೆಕ್ಕೆ ಹಳೆ ದುಪ್ಪಟಿಯಲ್ಲಿ ಸುತ್ತಿಕೊಂಡು ನನ್ನ ಬೆನ್ನ ಹಿಂದಿನ ಸ್ಟೆಪ್ನಿಗೆ. ಒಂದು ಭಾನುವಾರ ಊರಾಚೆಯ ಒಣಗಿದ ಕೆರೆಯಂಗಳದಲ್ಲಿ ಇಳಿದು ನೋಡಿದರೆ ಸ್ಟೆಪ್ನಿ ಬೋಳಾಗಿತ್ತು. ಪೆಟ್ಟಿಗೆಯಲ್ಲಿ ಸಕಲವೂ ಇತ್ತು. ಎರಡು ಸೂಜಿ, ಒಂದು ಉಂಡೆ ಕಪ್ಪು ದಾರ ಕೂಡ. ರೆಕ್ಕೆ ಮಂಚದ ಮೇಲೆ!

ಚಿಕ್ಕಪ್ಪ ಬೈಯಲಿಲ್ಲ. ಕೆರೆಯಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ರೆಕ್ಕೆಯಿಲ್ಲದ ವಿಮಾನದ ಎಂಜಿನ್ನು ಹಚ್ಚಿದ. ಸೂಜಿ ಕವಾಟವನ್ನು ಕೂದಲೆಳೆಯಷ್ಟು ತಿರುಗಿಸಿ, ತಲೆ ಓರೆ ಮಾಡಿ ಅದರ ಶ್ರುತಿ ಕೇಳಿದ. ಸುಟ್ಟ ಹರಳೆಣ್ಣೆಯ ಸಿಹಿ ಹೊಗೆ ನಮ್ಮಿಬ್ಬರ ಅಂಗಿಗೂ ಹತ್ತಿತು. ಆಮೇಲೆ ಯಾರದೋ ಪ್ಲಗ್ಗು ಸುಟ್ಟಿತು, ಇನ್ಯಾರಿಗೋ ಅಂಟು ಬೇಕಾಯಿತು. ಎಲ್ಲರೂ ನಮ್ಮ ಪೆಟ್ಟಿಗೆಯ ಸುತ್ತ. ಮದುವೆಮನೆಯಲ್ಲಿ ಉಗ್ರಾಣದ ಬೀಗದಕೈ ಇಟ್ಟುಕೊಂಡವರ ಗತ್ತಿನಲ್ಲಿ ಚಿಕ್ಕಪ್ಪ ಒಂದೊಂದನ್ನೇ ತೆಗೆದು ಕೊಟ್ಟ. ಅಷ್ಟು ಖುಷಿಯಾಗಿ ಅವನು ವಿಮಾನ ಹಾರಿಸಿದ್ದನ್ನೂ ನಾನು ನೋಡಿಲ್ಲ.

ಅವನು ಹೋಗಿ ವರ್ಷವಾದ ಮೇಲೆ ಅಟ್ಟದಿಂದ ಪೆಟ್ಟಿಗೆ ಇಳಿಸಿದೆವು. ರಬ್ಬರ್ ಬ್ಯಾಂಡುಗಳು ಕರಗಿ ಒಂದೇ ಮುದ್ದೆ. ವಾಸನೆ ಮಾತ್ರ ಹಾಗೇ. ಚಿಕ್ಕಮ್ಮ ತನ್ನ ಕ್ಲಿಪ್ಪನ್ನು ಹುಡುಕಿ ತೆಗೆದು ಎರಡು ಸಲ ಒತ್ತಿ ನೋಡಿದಳು. ನಾನು ನಗಿಸಲೆಂದು ರೆಕ್ಕೆ ಮರೆತ ಕಥೆ ತೆಗೆದೆ.

“ಮರೆತಿದ್ದು ನಂಗೊತ್ತಿತ್ತು ಕಣೋ” ಎಂದಳು. “ಸ್ಕೂಟರ್ ಒದೀತಿದ್ರು, ಮಂಚದ ಮೇಲೆ ರೆಕ್ಕೆ ಕಾಣ್ತು. ಒಂದು ಭಾನುವಾರನಾದ್ರೂ ಬೇಗ ಬರ್ಲಿ ಅಂತ ಸುಮ್ಮನಾದೆ. ಇಡ್ಲಿ ಬಿಸಿಯಾಗೇ ಇಟ್ಕೊಂಡು ಕೂತಿದ್ದೆ.”

ಕ್ಲಿಪ್ಪನ್ನು ಮತ್ತೆ ಅದರ ಜಾಗದಲ್ಲೇ ಇಟ್ಟಳು.

“ಅವತ್ತೂ ಹನ್ನೆರಡಕ್ಕೇ ಬಂದ್ರಲ್ಲ ನೀವು.”