ಲಾತೂರ ಸೀಮೆಯಲ್ಲಿ ಎಳ್ಳಮಾವಾಸ್ಯೆ

ಎಳ್ಳಮಾವಾಸ್ಯೆಯ ದಿನ ನಮ್ಮ ಅಕ್ಕಲಕೋಟೆ ತಾಲೂಕಿನ ಹಳ್ಳಿಗಳಲ್ಲಿ ಹಗಲು ಹನ್ನೊಂದರ ಮೇಲೆ ಯಾರನ್ನಾದರೂ ಕಾಣಬೇಕೆಂದರೆ ಹೊಲಕ್ಕೇ ಹೋಗಬೇಕು. ಊರಲ್ಲಿ ಉಳಿಯುವವರು ಹಾಸಿಗೆ ಹಿಡಿದ ಮುದುಕರು ಮತ್ತು ಅವರನ್ನು ನೋಡಿಕೊಳ್ಳಲು ಒಲ್ಲದ ಮನಸ್ಸಿನಿಂದ ನಿಂತ ಸೊಸೆಯರು ಮಾತ್ರ. ಹೊಲವಿಲ್ಲದವರನ್ನು ಹೊಲವುಳ್ಳವರು ಕರೆದೊಯ್ಯುತ್ತಾರೆ. ದಾರಿಯಲ್ಲಿ ಹೋಗುವ ಅಪರಿಚಿತನನ್ನೂ ಕೈಹಿಡಿದು ಕೂಡಿಸಿ ಉಣ್ಣಿಸದೆ ಬಿಡುವುದಿಲ್ಲ. ಮುಖ್ಯಾಧ್ಯಾಪಕರ ಅಧಿಕಾರಕ್ಕೆ ಬಿಟ್ಟ ರಜೆಗಳಲ್ಲಿ ಒಂದನ್ನು ನಾವು ಪ್ರತಿವರ್ಷ ಈ ದಿನಕ್ಕೆಂದೇ ಉಳಿಸಿಕೊಂಡು ಬಂದಿದ್ದೇವೆ. ರಜೆ ಕೊಡದಿದ್ದರೂ ಅಂದು ಶಾಲೆಗೆ ಬರುವವರು ನಾವೊಬ್ಬರೇ ಎಂಬುದು ಬೇರೆ ಮಾತು.

ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಕಾಸರಗೋಡಿನಲ್ಲೋ ನೀಲಗಿರಿಯಲ್ಲೋ ಕುಳಿತು ಓದುವವರಿಗಾಗಿ ನಾಲ್ಕು ಮಾತು ಹೇಳುತ್ತೇವೆ. ಮಾರ್ಗಶಿರ ಬಹುಳದ ಅಮಾವಾಸ್ಯೆ ಬರುವ ಹೊತ್ತಿಗೆ ಮುಂಗಾರಿನ ಸಜ್ಜೆ, ಶೇಂಗಾ ಮನೆಗೆ ಬಂದಿರುತ್ತವೆ. ಹಿಂಗಾರಿಯ ಬಿಳಿಜೋಳ ತೆನೆ ಬಿಚ್ಚಿ ನಿಂತಿರುತ್ತದೆ, ಕಡಲೆ ಕಾಯಿ ಕಟ್ಟಿರುತ್ತದೆ, ತೊಗರಿ ಕೊಯ್ಲಿಗೆ ಬಂದಿರುತ್ತದೆ. ಒಂದು ಸುಗ್ಗಿ ಮುಗಿದು ಇನ್ನೊಂದು ಸುಗ್ಗಿ ಭೂಮಿತಾಯಿಯ ಹೊಟ್ಟೆಯಲ್ಲಿರುವ ಕಾಲವಿದು. ಬಸುರಿಗೆ ಬಯಕೆಯ ಊಟ ಒಯ್ಯುವಂತೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಮಾಡಿದ ಅಡಿಗೆಯನ್ನೆಲ್ಲ ಒಂದಿಷ್ಟು ಕಲಸಿ ಬೆಳೆಯ ಮೇಲೆ ಎರಚುತ್ತೇವೆ. ಅದಕ್ಕೆ ಚರಗ ಚೆಲ್ಲುವುದೆಂದು ಹೆಸರು. ಒಬ್ಬನು ಮುಂದೆ ಚೆಲ್ಲುತ್ತ ಕೂಗಿದರೆ ಹಿಂದಿನವನು ನೀರು ಚಿಮುಕಿಸುತ್ತ ಮರುಕೂಗು ಕೊಡುತ್ತಾನೆ. ಆ ಕೂಗಿನ ಸಂಗತಿಯನ್ನೇ ಈ ಬರಹದಲ್ಲಿ ಹೇಳಬೇಕಾಗಿದೆ.

ನಮ್ಮ ತಂಗಿಯನ್ನು ಲಾತೂರ ಜಿಲ್ಲೆಯ ನಿಲಂಗಾ ತಾಲೂಕಿನ ಒಂದು ಹಳ್ಳಿಗೆ ಕೊಟ್ಟಿದೆ. 1993ರ ಸೆಪ್ಟೆಂಬರ್ 30ರಂದು ಕಿಲ್ಲಾರಿ ಸೀಮೆಯಲ್ಲಿ ಭೂಕಂಪವಾದ ಮರುವರ್ಷವೇ ಅವಳ ಮದುವೆ. ಕಲ್ಲಿನ ಗೋಡೆಗಳ ಮನೆಯೊಳಗೆ ಮಲಗಲು ಜನ ಇನ್ನೂ ಅಂಜುತ್ತಿದ್ದ ಆ ದಿನಗಳಲ್ಲಿ ಬೀಗರು ಹೊಲದಲ್ಲಿ ಹಂದರ ಹಾಕಿ ಮದುವೆ ಮಾಡಿಕೊಂಡರು. ಅಂದಿನಿಂದ ಪ್ರತಿವರ್ಷವೂ ಅವಳದು ಒಂದೇ ಮಾತು: "ಅಣ್ಣಾ, ಒಮ್ಮಿ ಎಳ್ಳಮಾಸಿಗೆ ನಮ್ಮ ಹೊಲಕ್ಕ ಬಾ." ಮನೆಯ ಹಿರಿಯನೇ ಚರಗ ಚೆಲ್ಲಬೇಕೆಂಬ ನೆವ ಹೇಳಿ ಮೂವತ್ತು ವರ್ಷ ತಳ್ಳಿದೆವು. 2024ರಲ್ಲಿ ಹಬ್ಬವು ಡಿಸೆಂಬರ್ 30ರ ಸೋಮವಾರ ಬಂದಿತು. ನಮ್ಮ ಹೊಲದ ಚರಗವನ್ನು ಮಗನಿಗೆ ಒಪ್ಪಿಸಿ, ನಾವೂ ನಮ್ಮ ಮನೆಯವರೂ ಭಾನುವಾರ ಬೆಳಗಿನ ಎಸ್.ಟಿ. ಬಸ್ಸು ಹಿಡಿದೆವು.

ದಾರಿ ನಳದುರ್ಗ, ಉಮರ್ಗಾಗಳ ಮೇಲೆ ಹೋಗುತ್ತದೆ. ನಳದುರ್ಗದ ಕೋಟೆಯಲ್ಲಿ ಬೋರಿ ನದಿಗೆ 1613ರಲ್ಲಿ, ಎರಡನೆಯ ಇಬ್ರಾಹಿಂ ಆದಿಲಶಾಹನ ಕಾಲದಲ್ಲಿ ಕಟ್ಟಿದ ಒಡ್ಡು ಇದೆ. ಅದರ ಹೊಟ್ಟೆಯಲ್ಲಿ ಪಾಣಿಮಹಲು. ಅದೇ ಬೋರಿಯೇ ಮುಂದೆ ನಮ್ಮ ತಾಲೂಕಿನ ಕುರನೂರ ಜಲಾಶಯಕ್ಕೆ ಬರುವುದು. ಬಸ್ಸಿನಲ್ಲಿ ಕಿಟಕಿಯ ಹತ್ತಿರ ಕುಳಿತ ನಮಗೆ ಎಲ್ಲಿಯೂ ಪರದೇಶಕ್ಕೆ ಹೋಗುತ್ತಿರುವಂತೆ ಅನಿಸಲಿಲ್ಲ. ಅದೇ ಎರೆಭೂಮಿ, ಅದೇ ತೊಗರಿ ಬಡಿಯುವ ಸದ್ದು, ಅದೇ ಬದುವಿನ ಮೇಲಿನ ಬನ್ನಿಗಿಡ. ವ್ಯತ್ಯಾಸ ಕಂಡದ್ದು ಬಿಳಿಜೋಳದಲ್ಲಿ. ಸೊಲ್ಲಾಪುರ ಜಿಲ್ಲೆಯ ಮೊಹೋಳದ ಸಂಶೋಧನಾ ಕೇಂದ್ರದಲ್ಲಿ 1930ರ ದಶಕದಲ್ಲಿ ಆರಿಸಿ ಕೊಟ್ಟ ಮಾಲದಂಡಿಯನ್ನು ನಮ್ಮ ಕಡೆ ಇನ್ನೂ ಬಿಟ್ಟಿಲ್ಲ. ಲಾತೂರ ಸೀಮೆಯಲ್ಲಾದರೋ ಸೋಯಾಬೀನು ಬಂದು ಕುಳಿತಿದೆ. ಅದನ್ನು ಕೊಯ್ದ ಹೊಲಗಳಲ್ಲಿ ಎಲ್ಲಿ ನೋಡಿದರೂ ಕಡಲೆ. ಜೋಳದ ಪಟ್ಟಿಗಳು ನಡುನಡುವೆ ಸಣ್ಣಗೆ ಕಾಣುತ್ತಿದ್ದವು.

ಬೀಗರ ಮನೆ ಮುಟ್ಟಿದಾಗ ಅಡಿಗೆಮನೆಯಲ್ಲಿ ಹೆಜ್ಜೆ ಇಡಲು ಸ್ಥಳವಿರಲಿಲ್ಲ. ಹಸಿಕಡಲೆ, ಹಸಿತೊಗರಿ, ಅವರೆ, ಶೇಂಗಾ, ಮೆಂತ್ಯ, ಪಾಲಕ ಎಲ್ಲವೂ ಮೊರಗಳಲ್ಲಿ ಹರಡಿದ್ದವು. ಇವೆಲ್ಲ ಕೂಡಿ ಕಡಲೆಹಿಟ್ಟಿನೊಡನೆ ಕುದಿದರೆ ಭಜ್ಜಿ. ಪೇಟೆಯಲ್ಲಿ ಎಣ್ಣೆಯಲ್ಲಿ ಕರಿದು ಮಾರುವ ಭಜ್ಜಿಯಲ್ಲ ಇದು. ಹೊಲದಲ್ಲಿ ಕುಳಿತು ರೊಟ್ಟಿ ಮುರಿದು ಅದ್ದಿ ಉಣ್ಣುವ ಭಜ್ಜಿ. ಇದು ಬೀದರ, ಕಲಬುರಗಿ ಕಡೆಗೂ ಉಂಟು. ಮಜ್ಜಿಗೆಯಲ್ಲಿ ಹುಳಿಹಿಡಿಸಿದ ಜೋಳದ ಹಿಟ್ಟು ಅಂಬಲಿಯಾಗಲು ಕಾದಿತ್ತು. ಅವರು ಅದಕ್ಕೆ ಅಂಬೀಲ ಎನ್ನುತ್ತಾರೆ. ಸಜ್ಜೆಯ ಹಿಟ್ಟಿನದಕ್ಕೆ ಉಂಡೆ. ಅಂಬಲಿ ತುಂಬಿ ತಲೆಯ ಮೇಲೆ ಹೊತ್ತೊಯ್ಯುವ ಮಣ್ಣಿನ ಕೊಡಕ್ಕೆ ಬಿಂದಗಿ. ಮನೆಯ ಸೊಸೆಯಂದಿರು ಮರಾಠಿಯಲ್ಲಿ ಮಾತನಾಡುತ್ತಿದ್ದರು. ಆದರೆ ಒಲೆಯ ಸುತ್ತ ಕೈಯಿಂದ ಕೈಗೆ ಹೋಗುತ್ತಿದ್ದ ಪಾತ್ರೆ ಪದಾರ್ಥಗಳ ಹೆಸರುಗಳನ್ನು ಕೇಳುತ್ತ ಕುಳಿತರೆ ಯಾವ ಭಾಷೆಯ ಮನೆಯಲ್ಲಿದ್ದೇವೆಂಬುದೇ ತಿಳಿಯದಂತಿತ್ತು.

ತಂಗಿಯ ಅತ್ತೆಗೆ ಎಂಬತ್ತು ಸಮೀಪಿಸಿದೆ. ತವರು ಭಾಲ್ಕಿ ಕಡೆ. ನಮ್ಮನ್ನು ಕಂಡೊಡನೆ ಕೈಯಲ್ಲಿದ್ದ ಮೊರ ಕೆಳಗಿಟ್ಟು, "ಬರ್ರಿ ಮಾಸ್ತರ, ನಿಮ್ಮ ಸಂಗಟ ಕನ್ನಡ ಮಾತಾಡಾಕ ನನ್ನ ನಾಲಿಗಿ ಕಾದು ಕುಂತದ" ಎಂದರು. ಆ ತಾಯಿ ಈ ಮನೆಗೆ ಸೊಸೆಯಾಗಿ ಬಂದಾಗ ಅಡಿಗೆಮನೆಯಲ್ಲಿ, ಹಿತ್ತಿಲಲ್ಲಿ ಮಾತೆಲ್ಲ ಕನ್ನಡವೇ ಆಗಿತ್ತಂತೆ. ಇದು ಆಶ್ಚರ್ಯದ ಸಂಗತಿಯಲ್ಲ. 1956ರವರೆಗೆ ನಿಲಂಗಾ, ಉದಗೀರ, ಅಹಮದಪುರ ತಾಲೂಕುಗಳು ಬೀದರ ಜಿಲ್ಲೆಯಲ್ಲೇ ಇದ್ದವು. ರಾಜ್ಯಗಳ ಪುನರ್ರಚನೆಯಲ್ಲಿ ಉಸ್ಮಾನಾಬಾದ ಜಿಲ್ಲೆಗೆ ಸೇರಿ, 1982ರಲ್ಲಿ ಲಾತೂರ ಜಿಲ್ಲೆಯಾದಾಗ ಇತ್ತ ಬಂದವು. ಇಂದು ಅವರ ಮಗನಿಗೆ, ಎಂದರೆ ನಮ್ಮ ತಂಗಿಯ ಯಜಮಾನರಿಗೆ, ಕನ್ನಡ ತಿಳಿಯುತ್ತದೆ, ಆಡಲು ಬಾಯಿ ತಿರುಗುವುದಿಲ್ಲ. ಮೊಮ್ಮಕ್ಕಳಿಗೆ ತಿಳಿಯುವುದೂ ಇಲ್ಲ. ನಮ್ಮ ತಂಗಿಯೇ ತನ್ನ ಮಕ್ಕಳಿಗೆ ಏಕೆ ಕಲಿಸಲಿಲ್ಲವೆಂದು ಕೇಳಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಹಬ್ಬದ ಹೊತ್ತಿನಲ್ಲಿ ಅದು ಬೇಡವೆಂದು ನುಂಗಿಕೊಂಡೆವು.

ಮರುದಿನ ಊರಿಗೆ ಊರೇ ಹೊಲಕ್ಕೆ ನಡೆಯಿತು. ಲಾತೂರ, ಧಾರಾಶಿವ ಜಿಲ್ಲೆಗಳಲ್ಲಿ ಈ ಹಬ್ಬಕ್ಕೆ ಜಿಲ್ಲಾಧಿಕಾರಿಗಳೇ ಸ್ಥಳೀಯ ರಜೆ ಸಾರುತ್ತಾರೆ. ಪುಣೆಗೆ ದುಡಿಯಲು ಹೋದವರೂ ಬರುತ್ತಾರೆ, ಲಾತೂರ ಶಹರದ ಪೇಟೆಯೇ ಬಣಗುಡುತ್ತದೆ. ಬೀಗರ ಹೊಲದ ನಡುವೆ ಜೋಳದ ಕಣಿಕೆಯಿಂದ ಒಂದು ಗುಡಿಸಲು ಕಟ್ಟಿದ್ದರು. ಅದಕ್ಕೆ ಖೋಪ ಎನ್ನುತ್ತಾರೆ. ಅವರ ಹೊಲದಲ್ಲಿ ಈ ಸಲ ಬರೀ ಕಡಲೆ. ಆದ್ದರಿಂದ ಕಣಿಕೆಯನ್ನು ನೆರೆಯವರಿಂದ ಬೇಡಿ ತಂದಿದ್ದರು. ಒಳಗೆ ಸುಣ್ಣ ಬಳಿದ ಐದು ಕಲ್ಲು, ಪಂಚಪಾಂಡವರು. ನಮ್ಮಲ್ಲಿ ಅವರು ಬನ್ನಿಗಿಡದ ಬುಡದಲ್ಲಿ ಕೂಡುತ್ತಾರೆ, ಅಲ್ಲಿ ಗುಡಿಸಲೊಳಗೆ. ಪೂಜೆಯಾದ ಮೇಲೆ ತಂಗಿಯ ಯಜಮಾನರು ಹೆಗಲಿಗೆ ಕಂಬಳಿ ಹಾಕಿಕೊಂಡು ಅಂಬಲಿಯ ಬಿಂದಗಿ ಎತ್ತಿಕೊಂಡರು. ಖೋಪಿನ ಸುತ್ತ ಹೊರಟು ಗಂಟಲೆತ್ತಿ ಕೂಗಿದರು. ಹಿಂದಿನವರು ಮರುಕೂಗಿದರು.

ನಾವು ನಿಂತಲ್ಲೇ ನಿಂತೆವು. ಅದು ನಮ್ಮದೇ ಕೂಗು! ಅಕ್ಷರಗಳು ಸವೆದು ಉರುಟಾಗಿದ್ದವು, ನಡುವೆ ಒಂದೆರಡು ಉಚ್ಚಾರ ಮರಾಠಿಗೆ ತಿರುಗಿದ್ದವು. ಆದರೆ ಏರಿಳಿತ, ಕೊನೆಯಲ್ಲಿ ಎಳೆಯುವ ದನಿ ಎಲ್ಲವೂ ನಮ್ಮ ತಂದೆಯವರ ಬಾಯಿಂದ ಕೇಳಿದ್ದೇ. ಆಚೆಯ ಹೊಲದಿಂದ ಅದೇ ಕೂಗು, ಅದರಾಚೆಯ ಹೊಲದಿಂದಲೂ ಅದೇ. ಕನ್ನಡದ ಒಂದು ಪದ ಅರಿಯದವರು ನೂರಾರು ಜನ ಏಕಕಾಲಕ್ಕೆ ಕನ್ನಡದಲ್ಲಿ ಭೂಮಿಯನ್ನು ಕೂಗಿ ಕರೆಯುತ್ತಿದ್ದರು. ನಮಗೆ ಎಷ್ಟು ಹೆಮ್ಮೆಯಾಯಿತೆಂದು ಬರೆದರೆ ಅತಿಶಯವಾದೀತು.

ಊಟಕ್ಕೆ ಕುಳಿತಾಗ ನೆರೆಹೊಲದ ಒಕ್ಕಲಿಗರೊಬ್ಬರು ಬಂದು ಪಂಕ್ತಿಯಲ್ಲಿ ಕೂಡಿದರು. ಅಚ್ಚ ಮರಾಠಿ ಮನೆತನದವರು. ನಮ್ಮ ಪರಿಚಯವಾದೊಡನೆ, "ಗುರುಜಿ, ನಾವು ಕೂಗುವುದು ಕಾನಡಿ ಮಾತೆಂದು ನಮ್ಮ ಅಜ್ಜ ಹೇಳುತ್ತಿದ್ದ. ಅರ್ಥ ಹೇಳುವವರು ಸಿಕ್ಕಿರಲಿಲ್ಲ. ಇಂದು ನೀವು ಸಿಕ್ಕಿರಿ" ಎಂದರು. ನಾವು ಗಂಟಲು ಸರಿಪಡಿಸಿಕೊಂಡು, ಹೌದು, ಇದು ಕನ್ನಡವೇ ಎಂದು ಆರಂಭಿಸಿದೆವು. ಲಾತೂರಿನ ಹಳೆಯ ಹೆಸರು ಲತ್ತಲೂರು, ರಾಷ್ಟ್ರಕೂಟರು ತಮ್ಮನ್ನು ಲತ್ತಲೂರಪುರವರಾಧೀಶ್ವರರೆಂದು ಕರೆದುಕೊಳ್ಳುತ್ತಿದ್ದರು, ಕವಿರಾಜಮಾರ್ಗವು ಕನ್ನಡನಾಡಿನ ಬಡಗಣ ಎಲ್ಲೆಯನ್ನು ಗೋದಾವರಿಯವರೆಗೆ ಹೇಳಿದೆ ಎಂದೆಲ್ಲ ವಿವರಿಸಿದೆವು. ನಾಡಹಬ್ಬದ ಭಾಷಣದಲ್ಲಿ ಪ್ರತಿವರ್ಷ ಹೇಳುವ ಮಾತುಗಳಾದ್ದರಿಂದ ತಡವರಿಸಲಿಲ್ಲ. ಅವರು ಸಾವಧಾನವಾಗಿ ಕೇಳಿ, "ಅದು ಸರಿ ಗುರುಜಿ. ಕೂಗಿನ ಅರ್ಥವೇನು?" ಎಂದರು.

ನಮಗೆ ಉತ್ತರ ಗೊತ್ತಿರಲಿಲ್ಲ. ಮೊದಲ ಪದ 'ಹುಲುಸು' ಎಂದು ನಮ್ಮ ತಾಯಿ ಹೇಳುತ್ತಿದ್ದರು. ಹೋಳಿಗೆ ಎನ್ನುವವರೂ ಇದ್ದಾರೆ. ಎರಡನೆಯದರಲ್ಲಿ 'ಚೆಲ್ಲು' ಇರಬಹುದೆಂಬುದು ನಮ್ಮ ಊಹೆ, ಊಹೆಯಷ್ಟೇ. ಮೂವತ್ತು ವರ್ಷ ಮಕ್ಕಳಿಗೆ ಪದಗಳ ಅರ್ಥ ಬರೆಸಿದವರು, ಹುಟ್ಟಿದಂದಿನಿಂದ ವರ್ಷಕ್ಕೊಮ್ಮೆ ಕೂಗುತ್ತ ಬಂದ ಎರಡು ಪದಗಳ ಅರ್ಥವನ್ನು ಒಮ್ಮೆಯೂ ಹುಡುಕಿರಲಿಲ್ಲ. ತಿಳಿದುದರಿಂದ ತಿಳಿಯದುದರ ಕಡೆಗೆ ಮಗುವನ್ನು ಒಯ್ಯಬೇಕೆಂದು ಟ್ರೇನಿಂಗಿನಲ್ಲಿ ನಮಗೆ ಕಲಿಸಿದ್ದರು. ತಿಳಿದದ್ದೆಂದುಕೊಂಡದ್ದೇ ತಿಳಿಯದಿದ್ದರೆ ಏನು ಮಾಡಬೇಕೆಂಬ ಪಾಠ ಇದ್ದಂತೆ ನೆನಪಿಲ್ಲ. ಗೊತ್ತಿಲ್ಲವೆಂದು ಒಪ್ಪಿಕೊಂಡೆವು.

ಅವರು ನಗಲಿಲ್ಲ. ಬದಲಾಗಿ ತಾವೇ ಒಂದು ಪ್ರಶ್ನೆ ಕೇಳಿದರು: "ನಾವು ಈ ಹಬ್ಬಕ್ಕೆ ಯೇಳವಸ ಎನ್ನುತ್ತೇವೆ. ಕಾನಡಿಯಲ್ಲಿ ಸಾತ್ ಎಂಬುದಕ್ಕೆ ಏಳು ಎನ್ನುತ್ತಾರಲ್ಲವೆ? ಮಳೆಗಾಲದಿಂದ ಇದು ಏಳನೆಯ ಅವಸೆ." ನಾವು ಬೆರಳು ಮಡಚಿದೆವು. ಜ್ಯೇಷ್ಠದ ಮಣ್ಣೆತ್ತಿನ ಅಮಾವಾಸ್ಯೆ ಒಂದು. ಆಷಾಢದ ನಾಗರ ಅಮಾವಾಸ್ಯೆ ಎರಡು, ಶ್ರಾವಣದ ಬೆನಕನ ಅಮಾವಾಸ್ಯೆ ಮೂರು, ಮಹಾಲಯ ನಾಲ್ಕು, ದೀಪಾವಳಿ ಐದು, ಛಟ್ಟಿ ಅಮಾವಾಸ್ಯೆ ಆರು. ಇದು ಏಳು! ಮಣ್ಣಿನ ಎತ್ತು ಮಾಡಿ ಬಿತ್ತನೆಗೆ ತೊಡಗಿದ ಒಕ್ಕಲಿಗ ಏಳನೆಯ ಅಮಾವಾಸ್ಯೆಗೆ ತೆನೆಯ ಮುಂದೆ ನಿಲ್ಲುತ್ತಾನೆ. ಎಳ್ಳು ಹೋಳಿಗೆ ತಿನ್ನುತ್ತ, ಎಳ್ಳಿನ ಅಮಾವಾಸ್ಯೆ ಎಂದೇ ಐವತ್ತು ವರ್ಷ ನಂಬಿದ್ದೆವು. ಎಳ್ಳೋ ಏಳೋ ಎಂಬುದನ್ನು ಪಂಡಿತರು ತೀರ್ಮಾನಿಸಲಿ. ಕನ್ನಡ ಬಾರದವರೊಬ್ಬರು ಕನ್ನಡ ಮಾಸ್ತರನಿಗೆ ಒಂದು ಕನ್ನಡ ಪಾಠ ಮಾಡಿದ್ದಂತೂ ನಿಜ.

ಸಂಜೆ ಕಣಿಕೆಯ ದೊಂದಿ ಹೊತ್ತಿಸಿಕೊಂಡು ಹುಡುಗರು ಹೊಲದಲ್ಲಿ ಓಡಿದರು. ತಂಗಿಯ ಎಂಟು ವರ್ಷದ ಮೊಮ್ಮಗ ಎಲ್ಲರಿಗಿಂತ ಮುಂದೆ. ಹಗಲಿನ ಕೂಗನ್ನು ಅವನು ಎಷ್ಟು ಸ್ಪಷ್ಟವಾಗಿ ಕೂಗುತ್ತಿದ್ದನೆಂದರೆ, ಅಜ್ಜಿಯ ಕನ್ನಡ ಇವನಿಗೆ ಇಳಿದಿರಬಹುದೆಂದು ಕ್ಷಣಕಾಲ ಭ್ರಮೆಯಾಯಿತು. ದಣಿದು ಬಂದವನನ್ನು ಹತ್ತಿರ ಕರೆದು, "ಯಾವ ಇಯತ್ತೆ ಅಪ್ಪಾ?" ಎಂದು ಕೇಳಿದೆವು. ಇಯತ್ತೆ ಎಂಬ ಮಾತು ಅವನಿಗೂ ತಿಳಿದದ್ದೇ. 'ಯಾವ' ಎಂಬುದು ತಿಳಿಯದೆ ನಮ್ಮ ತಂಗಿಯ ಮುಖ ನೋಡಿದನು. ಅವಳು ಮರಾಠಿಯಲ್ಲಿ ಹೇಳಿದಳು. "ತಿಸರೀ" ಎಂದು ಉತ್ತರವಿತ್ತು ಮತ್ತೆ ಓಡಿಹೋದನು.

ಆ ರಾತ್ರಿ ನಮಗೆ ಬೇಗ ನಿದ್ದೆ ಹತ್ತಲಿಲ್ಲ. ಹಬ್ಬ ತನ್ನ ನೆಲ ಬಿಟ್ಟು ಬಂದೂ ಗಟ್ಟಿಯಾಗಿ ಉಳಿದಿದೆ ಎಂದು ಹಗಲೆಲ್ಲ ಸಂತೋಷಪಟ್ಟಿದ್ದೆವು. ನೆಲ ಬಿಟ್ಟದ್ದು ಹಬ್ಬವಲ್ಲ. ಅದು ಇದ್ದಲ್ಲೇ ಇದೆ. ಅದರ ಮೈಮೇಲಿನಿಂದ ಮಾತು ಜಾರಿದೆ. ನಮ್ಮ ಶಾಲೆಯ ಒಂದನೆಯ ಇಯತ್ತೆಗೆ ಆ ವರ್ಷ ಸೇರಿದ ಮಕ್ಕಳು ಒಂಬತ್ತು. ಅವರಲ್ಲಿ ಇಬ್ಬರನ್ನು ದೀಪಾವಳಿಯ ಹೊತ್ತಿಗೆ ಇಂಗ್ಲಿಷ್ ಶಾಲೆಯ ವ್ಯಾನು ಕರೆದೊಯ್ದಿತ್ತು. ಇನ್ನು ಎರಡು ತಲೆಮಾರಿನ ಮೇಲೆ ನಮ್ಮ ಹೊಲಗಳಲ್ಲಿಯೂ ಹುಡುಗರು ಚರಗ ಚೆಲ್ಲಿ ಕೂಗಿಯಾರು, ಆದರೆ ಆ ಕೂಗು ಯಾವ ಭಾಷೆಯದೆಂದು ಅವರು ಯಾರನ್ನು ಕೇಳಿಯಾರು?

ಹೊರಡುವಾಗ ಆ ಅವ್ವ ನಮ್ಮ ಚೀಲದಲ್ಲಿ ಸಜ್ಜೆಯ ಉಂಡೆ, ಎಳ್ಳು ಹೋಳಿಗೆ ತುಂಬಿದರು. "ಮುಂದಿನ ವರ್ಷ ನಾ ಇರ್ತೀನೊ ಇಲ್ಲೊ. ನೀವು ಬರೋದು ಬಿಡಬ್ಯಾಡ್ರಿ ಮಾಸ್ತರ" ಎಂದರು. 2025ರಲ್ಲಿ ಹಬ್ಬ ಡಿಸೆಂಬರಿನ ಮೂರನೆಯ ವಾರದಲ್ಲೇ ಬಂದಿತು. ನಾವು ಹೋದೆವು, ಆ ತಾಯಿಯೂ ಇದ್ದರು.

ನಿಲಂಗಾದಿಂದ ಮರಳಿದ ಮೇಲೆ ಶಾಲೆಯಲ್ಲಿ ಏಳು ಅಮಾವಾಸ್ಯೆಗಳ ಹೆಸರನ್ನು ಕರಿಹಲಗೆಯ ಮೇಲೆ ಬರೆಸಿದೆವು. ಚರಗದ ಕೂಗಿನ ಅರ್ಥವನ್ನು ಮನೆಯ ಹಿರಿಯರಿಗೆ ಕೇಳಿ ಬರಬೇಕೆಂದು ಎಲ್ಲ ಮಕ್ಕಳಿಗೆ ಹೇಳಿದೆವು. ಮರುದಿನ ಆರು ಬೇರೆ ಬೇರೆ ಅರ್ಥಗಳು ಬಂದವು. ಒಬ್ಬ ಹುಡುಗಿ, "ನಮ್ಮ ಮುತ್ಯಾಗ ಗೊತ್ತಿಲ್ಲಂತ್ರಿ ಸರ್, ಆದ್ರ ಅಂವ ಮತ್ತೊಂದು ಊರಾಗ ಕೇಳ್ತಾನಂತ" ಎಂದಳು. ಬಂದದ್ದನ್ನೆಲ್ಲ ಒಂದು ವಹಿಯಲ್ಲಿ ಬರೆದಿಟ್ಟಿದ್ದೇವೆ. ಜತ್ತ, ಸೊಲ್ಲಾಪುರ, ಜಹೀರಾಬಾದ, ನಾರಾಯಣಖೇಡ ಕಡೆಯ ಓದುಗರ ಮನೆಗಳಲ್ಲಿ ಚರಗದ ಕೂಗನ್ನು ಹೇಗೆ ಕೂಗುತ್ತಾರೆ, ಹಿರಿಯರು ಏನು ಅರ್ಥ ಹೇಳುತ್ತಾರೆ ಎಂಬುದನ್ನು ಈ ಮಾಸಪತ್ರಿಕೆಯ ವಿಳಾಸಕ್ಕೆ ಒಂದು ಕಾಗದ ಬರೆದು ತಿಳಿಸಿದರೆ ಉಪಕಾರವಾದೀತು. ವಹಿಯಲ್ಲಿ ಇನ್ನೂ ಬಹಳ ಹಾಳೆಗಳು ಖಾಲಿ ಇವೆ.